ಸಾರ್ವಜನಿಕ ವಸತಿ: ಬಾಡಿಗೆದಾರರಿಗೆ ಒಡೆತನ

ಸರ್ಕಾರವೋ ನಗರಸಭೆಯೋ ಸಾರ್ವಜನಿಕ ಹಣದಲ್ಲಿ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಟ್ಟ ಮನೆಯನ್ನು ಅದರಲ್ಲಿ ವಾಸವಿರುವ ಕುಟುಂಬಕ್ಕೇ ಮಾರುವುದು, ಇಲ್ಲವೇ ಆ ಕುಟುಂಬ ಸರ್ಕಾರವೇ ಕಟ್ಟಿದ ಬೇರೊಂದು ಮನೆಯನ್ನು ಕೊಳ್ಳಲು ನೆರವಾಗುವುದು 20ನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ದೇಶಗಳ ವಸತಿ ನೀತಿಯ ಮುಖ್ಯ ಅಂಗವಾಯಿತು. ಬ್ರಿಟನ್, ಸಿಂಗಪುರ ಮತ್ತು ಹಾಂಗ್‌ಕಾಂಗ್ ಇದರ ಮೂರು ದೊಡ್ಡ ಪ್ರಯೋಗಶಾಲೆಗಳು. ಮೂರರ ಮೂಲವೂ ಬ್ರಿಟಿಷ್ ಆಡಳಿತ ಪದ್ಧತಿಯೇ ಆದರೂ ಮೂರೂ ಹಿಡಿದ ದಾರಿ ಬೇರೆ, ಮುಟ್ಟಿದ ಊರೂ ಬೇರೆ.

ಹೊರನೋಟಕ್ಕೆ ಇದು ಮನೆ ಮಾರುವ ವ್ಯವಹಾರ. ಆದರೆ ಸರ್ಕಾರಿ ಬಾಡಿಗೆ ಮನೆಗೆ ಯಾವಾಗಲೂ ಇಬ್ಬರು ಹಕ್ಕುದಾರರು: ಈಗ ಒಳಗಿರುವವರು ಮತ್ತು ಮುಂದೆ ಒಳಬರಲು ಸರದಿಯಲ್ಲಿ ಕಾಯುತ್ತಿರುವವರು. ಒಳಗಿರುವವರಿಗೆ ಸಿಕ್ಕ ರಿಯಾಯಿತಿಯ ಭಾರ ಕಾಯುತ್ತಿರುವವರ ತಲೆಯ ಮೇಲೆ ಬೀಳುತ್ತದೆಯೇ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಮಾರಾಟದ ಹಣ ಎಲ್ಲಿಗೆ ಹೋಯಿತು? ನೆಲ ಯಾರ ಕೈಯಲ್ಲಿ ಉಳಿಯಿತು? ಒಡೆತನದಿಂದ ಮನುಷ್ಯನ ಸ್ವಾಭಿಮಾನ ಬೆಳೆಯುತ್ತದೆ, ಬೀದಿ ಚೊಕ್ಕಟವಾಗುತ್ತದೆ, ಮತದಾರ ನಮ್ಮ ಕಡೆ ವಾಲುತ್ತಾನೆ ಎಂಬ ವಾದಗಳು ಎಲ್ಲ ದೇಶಗಳಲ್ಲೂ ಕೇಳಿಬಂದಿವೆ. ಅವುಗಳ ಸದ್ದಿನಲ್ಲಿ ಈ ಎರಡು ಪ್ರಶ್ನೆಗಳು ಮಸುಕಾಗಿದ್ದೇ ಹೆಚ್ಚು.

ಬ್ರಿಟನ್

ಕಾರ್ಮಿಕ ವರ್ಗದವರಿಗೆ ಮನೆ ಕಟ್ಟಿಸಲು ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಗಟ್ಟಿಯಾದ ಅಧಿಕಾರ ಕೊಟ್ಟದ್ದು 1890ರ ಕಾಯಿದೆ. ಲಂಡನ್ನಿನ ಪೂರ್ವಭಾಗದ ಕೊಳೆಗೇರಿಯೊಂದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಿದ ಬೌಂಡರಿ ಸ್ಟ್ರೀಟ್ ಬಡಾವಣೆ 1900ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಂದ ಎಬ್ಬಿಸಿದ ಬಡವರಲ್ಲಿ ಬಹುತೇಕ ಯಾರಿಗೂ ಹೊಸ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ತುಸು ಸ್ಥಿತಿವಂತ ಕಾರ್ಮಿಕರು ಬಂದು ಸೇರಿಕೊಂಡರು. ಸಾರ್ವಜನಿಕ ವಸತಿಯ ಚರಿತ್ರೆಯಲ್ಲಿ ಈ ಕತೆ ಮತ್ತೆ ಮತ್ತೆ ನಡೆದಿದೆ. ಮೊದಲ ಮಹಾಯುದ್ಧದ ನಂತರ 1919ರ ಕಾಯಿದೆ, ಆಗಿನ ಸಚಿವ ಕ್ರಿಸ್ಟೋಫರ್ ಆ್ಯಡಿಸನ್ ಅವರ ಹೆಸರಿನಿಂದಲೇ ಪರಿಚಿತವಾದದ್ದು, ಸರ್ಕಾರದ ಸಹಾಯಧನದಿಂದ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟುವ ಹೊಣೆಯನ್ನು ನಗರಸಭೆಗಳಿಗೆ ವಹಿಸಿತು. ಎರಡನೆಯ ಮಹಾಯುದ್ಧದ ಬಳಿಕ ಆರೋಗ್ಯ ಮತ್ತು ವಸತಿ ಎರಡನ್ನೂ ನೋಡಿಕೊಂಡ ಅನೈರಿನ್ ಬೆವನ್ ಈ ಮನೆಗಳು ಬಡವರಿಗಷ್ಟೇ ಮೀಸಲಾಗಬಾರದು, ವೈದ್ಯನೂ ಕೂಲಿಯವನೂ ಒಂದೇ ಬೀದಿಯಲ್ಲಿ ಇರಬೇಕು ಎಂದು ಬಯಸಿದ್ದರು. 1970ರ ದಶಕದ ಕೊನೆಗೆ ದೇಶದ ಸುಮಾರು ಮೂರನೆಯ ಒಂದು ಪಾಲು ಕುಟುಂಬಗಳು ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಮನೆಗಳಲ್ಲಿದ್ದವು.

ಆ ಮನೆಗಳಲ್ಲಿ ಬಾಡಿಗೆ ಕಡಿಮೆ, ಭದ್ರತೆ ಹೆಚ್ಚು. ರಿಪೇರಿ ಕೌನ್ಸಿಲಿನ ಕೆಲಸ. ಆದರೆ ಮೂವತ್ತು ವರ್ಷ ಬಾಡಿಗೆ ಕಟ್ಟಿದರೂ ಒಂದು ಇಟ್ಟಿಗೆಯೂ ತನ್ನದಾಗುತ್ತಿರಲಿಲ್ಲ, ಮುಂಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂಬುದನ್ನೂ ಅನೇಕ ಕಡೆ ಕಚೇರಿಯೇ ತೀರ್ಮಾನಿಸುತ್ತಿತ್ತು. ಮಾರಾಟ ಶುರುವಾದ ಮೇಲೆ ಹೊಸ ಒಡೆಯರು ಮೊದಲು ಬದಲಿಸಿದ್ದು ಈ ಬಾಗಿಲನ್ನೇ. ಸಾಲು ಮನೆಗಳ ಬೀದಿಯಲ್ಲಿ ಒಂದೇ ಬಣ್ಣದ ಬಾಗಿಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಬಗೆಯ ಬಾಗಿಲು ಕಂಡರೆ ಆ ಮನೆ ಮಾರಾಟವಾಗಿದೆ ಎಂದು ದಾರಿಹೋಕರಿಗೂ ತಿಳಿಯುತ್ತಿತ್ತು. ಬಾಡಿಗೆದಾರರ ಈ ಅಸಮಾಧಾನ ಲೇಬರ್ ಪಕ್ಷಕ್ಕೂ ಗೊತ್ತಿಲ್ಲದ್ದಲ್ಲ; 1970ರ ದಶಕದ ನಡುಭಾಗದಲ್ಲಿ ಪ್ರಧಾನಿ ಕಚೇರಿಯೊಳಗೇ ಮನೆಗಳನ್ನು ಬಿಟ್ಟುಕೊಡುವ ಪ್ರಸ್ತಾವ ಚರ್ಚೆಗೆ ಬಂದು ಬಿದ್ದುಹೋಗಿತ್ತು. ಅದನ್ನು ಎತ್ತಿಕೊಂಡು ಚುನಾವಣೆ ಗೆದ್ದವರು ಕನ್ಸರ್ವೇಟಿವರು.

ಕೌನ್ಸಿಲ್ ಮನೆ ಮಾರುವುದು ಮಾರ್ಗರೆಟ್ ಥ್ಯಾಚರ್ ಅವರ ಹೊಸ ಆವಿಷ್ಕಾರ ಎಂಬ ಭಾವನೆ ಸಾಮಾನ್ಯ. ಅದು ಸರಿಯಲ್ಲ. ಇಚ್ಛೆಯಿದ್ದ ಕೌನ್ಸಿಲುಗಳು ಅವರಿಗಿಂತ ಮುಂಚೆಯೂ ಮಾರುತ್ತಿದ್ದವು. 1980ರ ಆಗಸ್ಟಿನಲ್ಲಿ ಲಂಡನ್ ಅಂಚಿನ ಹೆರಾಲ್ಡ್ ಹಿಲ್ ಬಡಾವಣೆಯಲ್ಲಿ ಥ್ಯಾಚರ್ ಒಂದು ಕುಟುಂಬಕ್ಕೆ ಮನೆಯ ದಾಖಲೆ ಕೊಟ್ಟು, ಅವರ ಅಡುಗೆಮನೆಯಲ್ಲಿ ಚಹಾ ಕುಡಿದ ಚಿತ್ರ ಪ್ರಸಿದ್ಧವಾಗಿದೆ. ಅದು ಗ್ರೇಟರ್ ಲಂಡನ್ ಕೌನ್ಸಿಲ್ ತನ್ನದೇ ಯೋಜನೆಯಲ್ಲಿ ಮಾರಿದ 12,000ನೆಯ ಮನೆ; ಹೊಸ ಕಾಯಿದೆ ಆಗಿನ್ನೂ ಜಾರಿಗೆ ಬಂದಿರಲಿಲ್ಲ. ಆ ಅಕ್ಟೋಬರಿನಲ್ಲಿ ಜಾರಿಗೆ ಬಂದ 1980ರ ವಸತಿ ಕಾಯಿದೆ ತಂದ ಬದಲಾವಣೆ ಒಂದೇ, ಆದರೆ ಅದು ಬುಡ ಅಲುಗಿಸುವಂಥದ್ದು. ಅಲ್ಲಿಯವರೆಗೆ ಮಾರುವುದು ಬಿಡುವುದು ಕೌನ್ಸಿಲಿನ ಇಷ್ಟವಾಗಿತ್ತು, ಇನ್ನು ಮುಂದೆ ಕೊಳ್ಳುವುದು ಬಾಡಿಗೆದಾರನ ಹಕ್ಕಾಯಿತು. ಕಾಯಿದೆಯನ್ನು ಸಂಸತ್ತಿನಲ್ಲಿ ಮುನ್ನಡೆಸಿದವರು ಸಚಿವ ಮೈಕೆಲ್ ಹೆಸಲ್ಟೈನ್. 'ರೈಟ್ ಟು ಬೈ' ಎಂಬ ಹೆಸರೇ ಜನರ ಬಾಯಲ್ಲಿ ನಿಂತಿತು.

ರಿಯಾಯಿತಿಯ ಲೆಕ್ಕ ಹೀಗಿತ್ತು. ಮೂರು ವರ್ಷ ಬಾಡಿಗೆದಾರನಾಗಿದ್ದವನಿಗೆ ಮಾರುಕಟ್ಟೆ ಬೆಲೆಯಲ್ಲಿ ಶೇ 33 ಕಡಿತ. ಆಮೇಲಿನ ಪ್ರತಿ ವರ್ಷಕ್ಕೆ ಶೇ 1 ಹೆಚ್ಚುತ್ತ ಹೋಗಿ ಶೇ 50ಕ್ಕೆ ನಿಲ್ಲುತ್ತಿತ್ತು. ಅಂದರೆ 20 ವರ್ಷದಿಂದ ಇದ್ದ ಕುಟುಂಬಕ್ಕೆ 20,000 ಪೌಂಡ್ ಬೆಲೆಯ ಮನೆ 10,000ಕ್ಕೆ ಸಿಗುತ್ತಿತ್ತು. ಕೈಯಲ್ಲಿ ಹಣವಿಲ್ಲದಿದ್ದರೆ ಕೌನ್ಸಿಲೇ ಸಾಲ ಕೊಡಬೇಕಿತ್ತು. ಐದು ವರ್ಷದೊಳಗೆ ಮಾರಿದರೆ ರಿಯಾಯಿತಿಯ ಒಂದು ಭಾಗ ಹಿಂದಿರುಗಿಸಬೇಕಿತ್ತು; ಅದಾದ ಮೇಲೆ ಯಾವ ಕಟ್ಟುಪಾಡೂ ಇರಲಿಲ್ಲ. 1984ರಲ್ಲಿ ಅರ್ಹತೆಯ ಅವಧಿ ಎರಡು ವರ್ಷಕ್ಕಿಳಿದು ಗರಿಷ್ಠ ರಿಯಾಯಿತಿ ಶೇ 60 ಆಯಿತು. ಫ್ಲ್ಯಾಟುಗಳನ್ನು ಯಾರೂ ಕೇಳುತ್ತಿಲ್ಲವೆಂದು 1986ರಲ್ಲಿ ಅವಕ್ಕೆ ಶೇ 70ರವರೆಗೆ ಕಡಿತ ಕೊಡಲಾಯಿತು. ಲೇಬರ್ ಆಡಳಿತದ ಕೆಲವು ಕೌನ್ಸಿಲುಗಳು ಕಡತ ತಡೆದು ಕಾಲ ತಳ್ಳಲು ನೋಡಿದವು. ನಾರಿಚ್ ನಗರದ ಕೌನ್ಸಿಲ್ ತೀರ ನಿಧಾನಿಸಿದಾಗ ಸಚಿವರು ಮಾರಾಟದ ಅಧಿಕಾರವನ್ನೇ ಅದರ ಕೈಯಿಂದ ಕಿತ್ತುಕೊಂಡರು, 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಸಚಿವರ ಪರವಾಗಿ ನಿಂತಿತು. ಆ ಹೊತ್ತಿಗೆ ಮಾರಾಟ ಉತ್ತುಂಗ ಮುಟ್ಟಿತ್ತು. ಇಂಗ್ಲೆಂಡೊಂದರಲ್ಲೇ ವರ್ಷಕ್ಕೆ 1.6 ಲಕ್ಷಕ್ಕೂ ಹೆಚ್ಚು ಮನೆಗಳು ಕೈಬದಲಾದವು. ಇಂದಿನವರೆಗಿನ ಒಟ್ಟು ಸಂಖ್ಯೆ ಸುಮಾರು 20 ಲಕ್ಷ.

ಕೊಂಡವರಿಗೆ ಲಾಭವಾಯಿತು ಎಂಬುದರಲ್ಲಿ ತಕರಾರಿಲ್ಲ. ತಲೆಮಾರುಗಳಿಂದ ಆಸ್ತಿಯ ಮುಖ ಕಾಣದ ಕಾರ್ಮಿಕ ಕುಟುಂಬಗಳ ಕೈಗೆ ಸಂಪತ್ತು ಬಂತು. ಬ್ರಿಟನ್ನಿನಲ್ಲಿ ಯಾವ ತೆರಿಗೆಯೂ ಯಾವ ಭತ್ಯೆಯೂ ಇಷ್ಟು ಜನರಿಗೆ ಇಷ್ಟು ಬೇಗ ಆಸ್ತಿ ಮಾಡಿಕೊಟ್ಟಿರಲಿಕ್ಕಿಲ್ಲ. ತೊಡಕಿದ್ದದ್ದು ಹಣದ ಹರಿವಿನಲ್ಲಿ. ಮಾರಾಟದಿಂದ ಬಂದ ಮೊತ್ತದ ಒಂದು ಪಾಲನ್ನು ಮಾತ್ರ ಕೌನ್ಸಿಲುಗಳು ಹೊಸ ಮನೆಗೆ ಬಳಸಬಹುದಿತ್ತು. 1989ರ ಕಾಯಿದೆಯ ಬಳಿಕ ನಾಲ್ಕರಲ್ಲಿ ಮೂರು ಪಾಲು ಸಾಲ ತೀರಿಸಲು ತೆಗೆದಿಡಬೇಕಾಯಿತು. ಅದೇ ಕಾಲಕ್ಕೆ ಹೊಸ ನಿರ್ಮಾಣದ ಅನುದಾನವೂ ಬತ್ತಿತು. ಯುದ್ಧಾನಂತರದ ವರ್ಷಗಳಲ್ಲಿ ಲಕ್ಷದ ಲೆಕ್ಕದಲ್ಲಿ ಮನೆ ಕಟ್ಟುತ್ತಿದ್ದ ಇಂಗ್ಲೆಂಡಿನ ಕೌನ್ಸಿಲುಗಳು 1990ರ ದಶಕದ ಕೊನೆಗೆ ವರ್ಷಕ್ಕೆ ಕೆಲವು ನೂರು ಮನೆಗಳಿಗೆ ಇಳಿದಿದ್ದವು. ಸರದಿಯಲ್ಲಿ ನಿಂತವರ ಪಾಲಿನ ಮನೆ ಮಾರಿ ದೇಶದ ಸಾಲ ತೀರಿಸಿದಂತಾಯಿತು ಎಂಬ ಟೀಕೆ ಬಂದದ್ದು ಇದರಿಂದಲೇ.

ಕೊಂಡವರು ಯಾರು ಎಂಬುದೂ ಮುಖ್ಯ. ನಡುವಯಸ್ಸಿನ, ಸ್ಥಿರ ಸಂಬಳದ ಕುಟುಂಬಗಳು ಕೈತೋಟವಿದ್ದ ಒಂಟಿ ಅಥವಾ ಜೋಡಿ ಮನೆಗಳನ್ನು ಮೊದಲು ಕೊಂಡವು. ಎತ್ತರದ ಕಟ್ಟಡಗಳ ಫ್ಲ್ಯಾಟುಗಳೂ ಅವುಗಳಲ್ಲಿದ್ದ ಅತಿ ಬಡವರೂ ಕೌನ್ಸಿಲಿಗೆ ಉಳಿದರು. ಬೆವನ್ ಬಯಸಿದ್ದ ಬೆರಕೆಯ ಬೀದಿ ಹೋಗಿ, ಬೇರೆ ದಾರಿಯಿಲ್ಲದವರ ಕೊನೆಯ ಆಸರೆ ಎಂಬ ಹಣೆಪಟ್ಟಿ ಕೌನ್ಸಿಲ್ ಮನೆಗೆ ಅಂಟಿಕೊಂಡಿತು. ಫ್ಲ್ಯಾಟು ಕೊಂಡವರಿಗೂ ನೆಮ್ಮದಿ ಪೂರ್ತಿ ಸಿಗಲಿಲ್ಲ. ಅವರು ಕಾನೂನಿನ ಕಣ್ಣಿನಲ್ಲಿ ದೀರ್ಘಾವಧಿ ಗುತ್ತಿಗೆದಾರರು. ಕಟ್ಟಡ ಇನ್ನೂ ಕೌನ್ಸಿಲಿನದೇ. ಚಾವಣಿಯನ್ನೋ ಲಿಫ್ಟನ್ನೋ ಬದಲಿಸಿದಾಗ ಅವರ ಪಾಲಿನ ಬಿಲ್ಲು ಸಾವಿರಾರು ಪೌಂಡುಗಳಲ್ಲಿ ಬರುತ್ತಿತ್ತು. ಕೇಂದ್ರದ ಅನುದಾನದಲ್ಲಿ ನಡೆಯುವ ಕಾಮಗಾರಿಗಳಿಗೆ ಈ ಬಿಲ್ಲಿನ ಮೇಲೆ ಮಿತಿ ಹೇರಿದ್ದು 2014ರಲ್ಲಷ್ಟೇ.

ಕಾಲಕ್ರಮದಲ್ಲಿ ಈ ಮನೆಗಳು ಮರುಮಾರಾಟವಾಗಿ ಬಾಡಿಗೆ ವ್ಯಾಪಾರಿಗಳ ಕೈಸೇರಿದವು. ಲಂಡನ್ನಿನಲ್ಲಿ ಹೀಗೆ ಮಾರಿದ ಫ್ಲ್ಯಾಟುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಈಗ ಖಾಸಗಿ ಬಾಡಿಗೆಗಿವೆ. ಕೌನ್ಸಿಲ್ ಕಟ್ಟಿ, ಅಗ್ಗಕ್ಕೆ ಮಾರಿದ ಮನೆಯಲ್ಲೇ ಬಡ ಬಾಡಿಗೆದಾರನೊಬ್ಬನಿದ್ದರೆ ಅವನ ದುಬಾರಿ ಬಾಡಿಗೆಗೆ ಸರ್ಕಾರ ವಸತಿ ಭತ್ಯೆ ಕೊಡುತ್ತದೆ. ಬಾಡಿಗೆದಾರರನ್ನು ಒಡೆಯರನ್ನಾಗಿಸಲು ಹೊರಟ ಯೋಜನೆ ಹೊಸ ಬಾಡಿಗೆದಾರರನ್ನೂ ಹೊಸ ಭೂಮಾಲೀಕರನ್ನೂ ಸೃಷ್ಟಿಸಿತು.

ಮತಗಳ ಲೆಕ್ಕಾಚಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಸಾಕ್ಷಿ. 1986ರ ಚುನಾವಣೆಯಲ್ಲಿ ಅಲ್ಪ ಅಂತರದಿಂದ ಉಳಿದುಕೊಂಡ ಆಡಳಿತ, ಶರ್ಲಿ ಪೋರ್ಟರ್ ಅವರ ನಾಯಕತ್ವದಲ್ಲಿ, ಪೈಪೋಟಿಯಿದ್ದ ಎಂಟು ವಾರ್ಡುಗಳಲ್ಲಿ ತೆರವಾದ ಕೌನ್ಸಿಲ್ ಮನೆಗಳನ್ನು ಮತ್ತೆ ಬಾಡಿಗೆಗೆ ಕೊಡದೆ ಮಾರತೊಡಗಿತು. ಕೊಳ್ಳುವವರು ತಮಗೇ ಮತ ಹಾಕುತ್ತಾರೆ ಎಂಬುದು ಎಣಿಕೆ. ಲೆಕ್ಕ ಪರಿಶೋಧಕರು ಇದನ್ನು ಬಯಲಿಗೆಳೆದರು. 2001ರಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ನೀತಿ ಕಾನೂನುಬಾಹಿರವೆಂದು ತೀರ್ಪು ನೀಡಿ, ಆದ ನಷ್ಟವನ್ನು ಅದಕ್ಕೆ ಹೊಣೆಗಾರರಿಂದಲೇ ವಸೂಲು ಮಾಡುವ ಆದೇಶವನ್ನು ಎತ್ತಿಹಿಡಿಯಿತು.

ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದುಮಾಡಿದವು. ಇಂಗ್ಲೆಂಡ್ ಅತ್ತಿತ್ತ ಓಲಾಡಿದೆ. 2012ರಲ್ಲಿ ರಿಯಾಯಿತಿಯ ಮಿತಿಯನ್ನು 75,000 ಪೌಂಡಿಗೆ ಏರಿಸಿದಾಗ, ಹೆಚ್ಚುವರಿಯಾಗಿ ಮಾರಿದ ಒಂದೊಂದು ಮನೆಗೂ ಒಂದೊಂದು ಹೊಸ ಮನೆ ಕಟ್ಟುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಆ ಮಾತು ನಡೆಯಲಿಲ್ಲ. 2024ರ ನವೆಂಬರಿನಲ್ಲಿ ಹೊಸ ಲೇಬರ್ ಸರ್ಕಾರ ರಿಯಾಯಿತಿಯನ್ನು ಪ್ರದೇಶವಾರು 16,000ದಿಂದ 38,000 ಪೌಂಡಿನ ಮಟ್ಟಕ್ಕೆ ಇಳಿಸಿತು, ಮಾರಾಟದ ಹಣವನ್ನೆಲ್ಲ ಕೌನ್ಸಿಲುಗಳೇ ಇಟ್ಟುಕೊಳ್ಳಲಿ ಎಂದಿತು.

ಸಿಂಗಪುರ

ಸಿಂಗಪುರದ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮಾರಾಟದಿಂದ ಸಾರ್ವಜನಿಕ ವಸತಿ ಕುಗ್ಗಲಿಲ್ಲ, ಬೆಳೆಯಿತು. ಬ್ರಿಟಿಷರು 1927ರಲ್ಲಿ ಸ್ಥಾಪಿಸಿದ ಸುಧಾರಣಾ ಟ್ರಸ್ಟ್ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಕಟ್ಟಿದ್ದು ಸುಮಾರು 23,000 ಮನೆ. 1960ರ ಫೆಬ್ರವರಿಯಲ್ಲಿ ಹುಟ್ಟಿದ ವಸತಿ ಮತ್ತು ಅಭಿವೃದ್ಧಿ ಮಂಡಳಿ, ಎಲ್ಲರೂ ಕರೆಯುವಂತೆ ಎಚ್‌ಡಿಬಿ, ಲಿಮ್ ಕಿಮ್ ಸಾನ್ ಅವರ ಅಧ್ಯಕ್ಷತೆಯಲ್ಲಿ ಮೊದಲ ಐದು ವರ್ಷಗಳಲ್ಲೇ 50,000ಕ್ಕೂ ಹೆಚ್ಚು ಫ್ಲ್ಯಾಟುಗಳನ್ನು ಕಟ್ಟಿತು. 1961ರ ಮೇ 25ರಂದು ಬುಕಿಟ್ ಹೋ ಸ್ವೀ ಎಂಬ ಗುಡಿಸಲು ಪ್ರದೇಶಕ್ಕೆ ಬೆಂಕಿ ಬಿದ್ದು ಸುಮಾರು 16,000 ಜನ ಬೀದಿಗೆ ಬಂದದ್ದು ಕೆಲಸಕ್ಕೆ ವೇಗ ಕೊಟ್ಟಿತು. ಸುಟ್ಟ ನೆಲವನ್ನೇ ಸರ್ಕಾರ ವಶಪಡಿಸಿಕೊಂಡು ಒಂದು ವರ್ಷದೊಳಗೆ ಮೊದಲ ಕಟ್ಟಡಗಳನ್ನು ಎಬ್ಬಿಸಿತು.

ಆರಂಭದಲ್ಲಿ ಎಲ್ಲವೂ ಬಾಡಿಗೆ ಮನೆಗಳೇ. 1964ರಲ್ಲಿ ಮನೆ ಮಾರುವ ಯೋಜನೆ ಪ್ರಕಟವಾಯಿತು. ಪ್ರಧಾನಿ ಲೀ ಕ್ವಾನ್ ಯೂ ಅದರ ಕಾರಣವನ್ನು ಮುಚ್ಚಿಟ್ಟವರಲ್ಲ. ವಲಸಿಗರ ಊರಾದ ಸಿಂಗಪುರದಲ್ಲಿ ಜನಕ್ಕೆ ಈ ನೆಲದ ಮೇಲೆ ಪಾಲಿರಬೇಕು. ಮಕ್ಕಳನ್ನು ಕಡ್ಡಾಯ ಸೇನಾ ಸೇವೆಗೆ ಕಳಿಸುವ ತಂದೆತಾಯಿಗೆ ಕಾಪಾಡಿಕೊಳ್ಳಲು ತಮ್ಮದೆಂಬುದೊಂದು ಇರಬೇಕು ಎಂಬುದು ಅವರ ತರ್ಕ. ಜನರಿಗೇನೋ ಆಸೆಯಿತ್ತು, ಮುಂಗಡಕ್ಕೆ ಹಣವಿರಲಿಲ್ಲ. ಮಾರಾಟ ಕುಂಟಿತು.

ಗಂಟು ಬಿಚ್ಚಿದ್ದು 1968ರಲ್ಲಿ. ವಸಾಹತು ಕಾಲದ 1955ರಿಂದಲೂ ಅಲ್ಲಿ ಕೇಂದ್ರೀಯ ಭವಿಷ್ಯನಿಧಿ ಇತ್ತು: ಸಂಬಳದ ಒಂದು ಪಾಲು ನೌಕರನಿಂದ, ಇನ್ನೊಂದು ಮಾಲೀಕನಿಂದ, ನಮ್ಮ ಪಿಎಫ್ ಮಾದರಿಯಲ್ಲಿ. ನಿವೃತ್ತಿಗೆಂದು ಕೂಡಿಟ್ಟ ಆ ಹಣವನ್ನು ಎಚ್‌ಡಿಬಿ ಮನೆಯ ಮುಂಗಡಕ್ಕೂ ತಿಂಗಳ ಕಂತಿಗೂ ಬಳಸಬಹುದೆಂದು ಸರ್ಕಾರ ಅನುಮತಿ ಕೊಟ್ಟಿತು. ಒಬ್ಬ ಕಾರ್ಮಿಕನ ಮನೆಯಲ್ಲಿ ಇದರ ಪರಿಣಾಮ ಹೇಗಿತ್ತೆಂದು ನೋಡಿದರೆ ಯೋಜನೆಯ ಚಾತುರ್ಯ ತಿಳಿಯುತ್ತದೆ. ಬಾಡಿಗೆಗೆ ಇದ್ದಾಗ ಅವನು ತಿಂಗಳ ಬಾಡಿಗೆಯನ್ನು ಕೈಗೆ ಬಂದ ಸಂಬಳದಿಂದ ಕೊಡಬೇಕು. ಅದೇ ಮನೆ ಕೊಂಡರೆ ಕಂತು ಹೋಗುವುದು ಅವನು ಹೇಗೂ ಮುಟ್ಟಲಾಗದ ನಿಧಿಯಿಂದ. ಬಾಡಿಗೆಯ ದುಡ್ಡು ಜೇಬಿನಲ್ಲೇ ಉಳಿಯುತ್ತದೆ! ಕೊಂಡವನ ಕೈ ಬಾಡಿಗೆದಾರನ ಕೈಗಿಂತ ಹಗುರ. ಯಾರಿಗೂ ಉಪದೇಶ ಮಾಡುವ ಅಗತ್ಯ ಬೀಳಲಿಲ್ಲ. ನಿಧಿಗೆ ಕಟ್ಟುವ ದರ ಏರುತ್ತ ಏರುತ್ತ 1984ರಲ್ಲಿ ನೌಕರನಿಂದ ಶೇ 25, ಮಾಲೀಕನಿಂದ ಶೇ 25ರ ಮಟ್ಟ ಮುಟ್ಟಿತು. ಮರುವರ್ಷದ ಆರ್ಥಿಕ ಹಿನ್ನಡೆ ಅದನ್ನು ಇಳಿಸಿತು.

ಈ ಯೋಜನೆಯ ಇನ್ನೊಂದು ಆಧಾರ ನೆಲ. 1966ರ ಭೂಸ್ವಾಧೀನ ಕಾಯಿದೆಯಿಂದ ಸರ್ಕಾರ ಖಾಸಗಿ ಜಮೀನನ್ನು ಕಡಿಮೆ ಪರಿಹಾರಕ್ಕೆ ಪಡೆಯುತ್ತ ಹೋಯಿತು. ಜಮೀನುದಾರರ ನಷ್ಟ ಈ ಕತೆಯಲ್ಲಿ ಹೆಚ್ಚು ಕೇಳಿಸದ ಅಧ್ಯಾಯ. ಕಟ್ಟಿದ ಫ್ಲ್ಯಾಟನ್ನು ಮಾರಿದರೂ ನೆಲವನ್ನು ಮಾರಲಿಲ್ಲ. ಕೊಂಡವರಿಗೆ ಸಿಗುವುದು 99 ವರ್ಷದ ಗುತ್ತಿಗೆ. ಕನಿಷ್ಠ ಐದು ವರ್ಷ ವಾಸವಿದ್ದ ಮೇಲೆಯೇ ಮರುಮಾರಾಟ, ಒಂದು ಕುಟುಂಬಕ್ಕೆ ಒಂದೇ ಎಚ್‌ಡಿಬಿ ಮನೆ. ಈ ಕಟ್ಟುಪಾಡುಗಳಿಂದ ಲಂಡನ್ನಿನಂತೆ ಮನೆಗಳು ವ್ಯಾಪಾರಿಗಳ ಗುಂಪಿಗೆ ಜಾರಲಿಲ್ಲ. ಇಂದು ಎಚ್‌ಡಿಬಿಯ ಹತ್ತು ಲಕ್ಷಕ್ಕೂ ಹೆಚ್ಚು ಫ್ಲ್ಯಾಟುಗಳಲ್ಲಿ ದೇಶದ ನಿವಾಸಿಗಳ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಜನ ಇದ್ದಾರೆ, ಅವರಲ್ಲಿ ಬಹುಪಾಲು ಒಡೆಯರೇ.

ಒಡೆತನದ ಜೊತೆ ಬಂದ ಇನ್ನೊಂದು ಕಟ್ಟುಪಾಡು ಜನಾಂಗದ ಪಾಲಿನದು. 1989ರಿಂದ ಪ್ರತಿ ಕಟ್ಟಡ ಮತ್ತು ನೆರೆಹೊರೆಗೂ ಚೀನೀ, ಮಲಯ, 'ಭಾರತೀಯ ಮತ್ತು ಇತರರು' ಎಂದು ಮಿತಿ ಗೊತ್ತುಮಾಡಲಾಗಿದೆ. ಒಂದೊಂದು ಜನಾಂಗದ ಕೇರಿ ಏಳಬಾರದೆಂಬುದು ಉದ್ದೇಶ. ಸಿಂಗಪುರದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಅಥವಾ ಕಾಯಂ ನಿವಾಸ ಪಡೆದ ಕನ್ನಡಿಗರು ಈ ಮೂರನೆಯ ಪಟ್ಟಿಗೆ ಸೇರುತ್ತಾರೆ. ಕಟ್ಟಡದಲ್ಲಿ ಚೀನೀಯರ ಪಾಲು ತುಂಬಿದ್ದರೆ ಅಲ್ಲಿನ ಭಾರತೀಯ ಒಡೆಯ ತನ್ನ ಮನೆಯನ್ನು ಚೀನೀ ಕುಟುಂಬಕ್ಕೆ ಮಾರುವಂತಿಲ್ಲ. ಕೊಳ್ಳುವವರ ಸಂಖ್ಯೆ ಕುಗ್ಗಿ ಬೆಲೆಯೂ ಕುಗ್ಗುತ್ತದೆ. ಸೌಹಾರ್ದದ ಬೆಲೆಯನ್ನು ಅಲ್ಪಸಂಖ್ಯಾತ ಮಾರಾಟಗಾರ ತೆರುತ್ತಾನೆ ಎಂಬ ದೂರು ಅಲ್ಲಿ ಹಳೆಯದು.

ಎಲ್ಲರೂ ಒಡೆಯರಾದ ಊರಿನಲ್ಲಿ ಬಾಡಿಗೆದಾರನಾಗಿ ಉಳಿದವನ ಪಾಡು ಬೇರೆಯೇ. ಎಚ್‌ಡಿಬಿಯ ಕೆಲವೇ ಶೇಕಡದಷ್ಟು ಫ್ಲ್ಯಾಟುಗಳು ಇಂದು ಬಾಡಿಗೆಗಿವೆ. ಒಂದು ಕೋಣೆಯ ಮನೆಗೆ ತೀರ ಬಡವರು ತಿಂಗಳಿಗೆ 26 ಸಿಂಗಪುರ ಡಾಲರಿನಷ್ಟು ಕಡಿಮೆ ಬಾಡಿಗೆ ಕೊಡುತ್ತಾರೆ. ಇಲ್ಲಿರುವವರಲ್ಲಿ ಒಮ್ಮೆ ಸರ್ಕಾರಿ ಮನೆ ಕೊಂಡು, ವಿಚ್ಛೇದನದಿಂದಲೋ ಸಾಲದಿಂದಲೋ ಅದನ್ನು ಮಾರಿಕೊಂಡ ಕುಟುಂಬಗಳೂ ಇವೆ. ಮಕ್ಕಳಿರುವ ಇಂಥ ಕುಟುಂಬಗಳಿಗೆ 2016ರಲ್ಲಿ 'ಫ್ರೆಶ್ ಸ್ಟಾರ್ಟ್' ಯೋಜನೆ ಬಂತು. ಎರಡು ಕೋಣೆಯ ಚಿಕ್ಕ ಮನೆ, 99ರ ಬದಲು ಕಡಿಮೆ ವರ್ಷಗಳ ಗುತ್ತಿಗೆ, 35,000 ಡಾಲರ್ ಅನುದಾನ (ಮುಂದೆ ಇದನ್ನು ಹೆಚ್ಚಿಸಲಾಯಿತು). ಅನುದಾನ ಒಂದೇ ಸಲ ಸಿಗುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಸ್ಥಿರ ಕೆಲಸವಿರಬೇಕು, ಮಕ್ಕಳು ಶಾಲೆ ತಪ್ಪಿಸಬಾರದು. ಅದನ್ನು ನೋಡಿಕೊಂಡು ಕಂತುಕಂತಾಗಿ ಕೊಡುತ್ತಾರೆ. ಮನೆಯ ದಾಖಲೆಯೊಂದಿಗೆ ಮಕ್ಕಳ ಹಾಜರಾತಿಯನ್ನೂ ತೂಗುವ ಸರ್ಕಾರವನ್ನು ಕಾಳಜಿಯ ತಾಯಿ ಎನ್ನಬೇಕೋ ಕಟ್ಟುನಿಟ್ಟಿನ ಅತ್ತೆ ಎನ್ನಬೇಕೋ ಓದುಗರೇ ಹೇಳಬೇಕು.

ಗುತ್ತಿಗೆ ಮುಗಿದ ದಿನ ಏನು? 2017ರಲ್ಲಿ ಆಗಿನ ಸಚಿವ ಲಾರೆನ್ಸ್ ವಾಂಗ್ ಇದನ್ನು ಬಿಚ್ಚಿ ಹೇಳಿದಾಗ ಅನೇಕರಿಗೆ ಬರಸಿಡಿಲು ಬಡಿದಂತಾಯಿತು: ಅವಧಿ ಮುಗಿದ ಫ್ಲ್ಯಾಟು ಪರಿಹಾರವಿಲ್ಲದೆ ಸರ್ಕಾರಕ್ಕೆ ಮರಳುತ್ತದೆ. ಹಳೆಯ ಕಟ್ಟಡಗಳನ್ನು ಅವಧಿಗೆ ಮೊದಲೇ ಪರಿಹಾರ ಕೊಟ್ಟು ಕೆಡವುವ ಯೋಜನೆ ತಮಗೂ ಬಂದೇಬರುತ್ತದೆಂದು ಜನ ನಂಬಿಕೊಂಡಿದ್ದರು. ಮರುವರ್ಷ ಸರ್ಕಾರ, ಸುಮಾರು 70 ವರ್ಷ ದಾಟಿದ ಬಡಾವಣೆಗಳ ನಿವಾಸಿಗಳು ಮತ ಹಾಕಿ ಒಪ್ಪಿದರೆ ಕೊಂಡುಕೊಳ್ಳುವ ಇನ್ನೊಂದು ಯೋಜನೆಯನ್ನು ಘೋಷಿಸಿತು. ನಿವೃತ್ತಿಯ ಹಣವನ್ನೆಲ್ಲ ಮನೆಗೆ ಸುರಿದ ತಲೆಮಾರಿಗೆ ಈ ಪ್ರಶ್ನೆ ಸಣ್ಣದಲ್ಲ.

ಹಾಂಗ್‌ಕಾಂಗ್

1953ರ ಕ್ರಿಸ್ಮಸ್ ರಾತ್ರಿ ಶೆಕ್ ಕಿಪ್ ಮೈ ಗುಡ್ಡದ ಗುಡಿಸಲುಗಳು ಹೊತ್ತಿ ಉರಿದು 50,000ಕ್ಕೂ ಹೆಚ್ಚು ಜನ ನಿರಾಶ್ರಿತರಾದದ್ದು ಇಲ್ಲಿನ ಸಾರ್ವಜನಿಕ ವಸತಿಯ ಆರಂಭ. 1972ರಲ್ಲಿ ಗವರ್ನರ್ ಮರ್ರೆ ಮ್ಯಾಕ್ಲೆಹೋಸ್ ಹತ್ತು ವರ್ಷದ ನಿರ್ಮಾಣ ಯೋಜನೆ ಘೋಷಿಸಿದರು. 1970ರ ದಶಕದ ಕೊನೆಗೆ, ಕಟ್ಟುವಾಗಲೇ ಮಾರಾಟಕ್ಕೆಂದು ಕಟ್ಟಿದ ರಿಯಾಯಿತಿ ಫ್ಲ್ಯಾಟುಗಳು ಬಂದವು. ಬಾಡಿಗೆದಾರ ಅಂಥದ್ದನ್ನು ಕೊಂಡರೆ ತನ್ನ ಬಾಡಿಗೆ ಮನೆಯನ್ನು ಬಿಟ್ಟುಕೊಡಬೇಕು, ಅದು ಸರದಿಯ ಮುಂದಿನವನಿಗೆ ಹೋಗುತ್ತದೆ.  ಒಬ್ಬರ ಒಡೆತನದಿಂದ ಇನ್ನೊಬ್ಬರಿಗೆ ನೇರವಾಗಿ ಮನೆ ದಕ್ಕುವ ವ್ಯವಸ್ಥೆ ಮೂರೂ ಕಡೆಗಳಲ್ಲಿ ಇಷ್ಟು ಸರಳವಾಗಿ ಕಂಡದ್ದು ಇಲ್ಲೇ. ಮುಕ್ತ ಮಾರುಕಟ್ಟೆಯಲ್ಲಿ ಮಾರಬೇಕೆಂದರೆ ರಿಯಾಯಿತಿಯ ಪಾಲನ್ನು ಮಾರುವ ದಿನದ ಬೆಲೆಗೆ ಲೆಕ್ಕ ಹಾಕಿ ಸರ್ಕಾರಕ್ಕೆ ಕಟ್ಟಬೇಕು ಎಂಬ ನಿಯಮವೂ ಇದೆ.

ವಾಸವಿರುವ ಮನೆಯನ್ನೇ ಮಾರುವ ಬ್ರಿಟಿಷ್ ಮಾದರಿಗೆ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ್ದು ಚೀನಾಕ್ಕೆ ಹಸ್ತಾಂತರವಾದ ನಂತರ. ಮೊದಲ ಮುಖ್ಯಾಡಳಿತಗಾರ ತುಂಗ್ ಚೀ-ಹ್ವಾ ವರ್ಷಕ್ಕೆ 85,000 ಮನೆ, ಹತ್ತು ವರ್ಷದಲ್ಲಿ ಶೇ 70 ಕುಟುಂಬಗಳಿಗೆ ಒಡೆತನ ಎಂದು 1997ರಲ್ಲಿ ಸಾರಿದರು. ಅದರ ಅಂಗವಾಗಿ ಕನಿಷ್ಠ 2.5 ಲಕ್ಷ ಬಾಡಿಗೆ ಫ್ಲ್ಯಾಟುಗಳನ್ನು ವಾಸಿಗಳಿಗೇ ಮಾರುವ ಯೋಜನೆ 1998ರಲ್ಲಿ ಶುರುವಾಯಿತು. ಮೊದಲ ವರ್ಷದೊಳಗೆ ಕೊಂಡವರಿಗೆ ಬೆಲೆ ಮಾರುಕಟ್ಟೆಯ ಎಂಟನೆಯ ಒಂದು ಭಾಗದ ಹತ್ತಿರಕ್ಕೂ ಇಳಿಯುತ್ತಿತ್ತು. ಜನ ಮುಗಿಬಿದ್ದರು. ಆದರೆ ಮುಹೂರ್ತ ಕೆಟ್ಟಿತ್ತು. ಏಷ್ಯಾದ ಹಣಕಾಸು ಬಿಕ್ಕಟ್ಟಿನಿಂದ 1997 ಮತ್ತು 2003ರ ನಡುವೆ ಮನೆ ಬೆಲೆ ಶೇ 60ಕ್ಕೂ ಹೆಚ್ಚು ಕುಸಿಯಿತು. ಖಾಸಗಿ ಮನೆ ಕೊಂಡಿದ್ದ ಲಕ್ಷದಷ್ಟು ಕುಟುಂಬಗಳ ಸಾಲ ಮನೆಯ ಬೆಲೆಯನ್ನೇ ಮೀರಿತು. ಸರ್ಕಾರ ಅಗ್ಗಕ್ಕೆ ಮಾರುತ್ತಿರುವುದರಿಂದಲೇ ಮಾರುಕಟ್ಟೆ ಏಳುತ್ತಿಲ್ಲ ಎಂದು ಬಿಲ್ಡರುಗಳೂ ಮಧ್ಯಮ ವರ್ಗವೂ ಒತ್ತಡ ತಂದವು. 2002ರ ಕೊನೆಗೆ ಎರಡೂ ಬಗೆಯ ಮಾರಾಟಕ್ಕೆ ತೆರೆ ಎಳೆಯಲಾಯಿತು. ಹಿಂದಿನ ಮಾತಿನಂತೆ ಉಳಿದ ಕಂತುಗಳು ಮುಗಿಯುವ ಹೊತ್ತಿಗೆ 39 ಬಡಾವಣೆಗಳ ಸುಮಾರು 1.84 ಲಕ್ಷ ಫ್ಲ್ಯಾಟುಗಳನ್ನು ಮಾರಾಟಕ್ಕೆ ತೆರೆದಂತಾಗಿತ್ತು. ಮಾರಾಟದ ಆದಾಯ ನಿಂತು ಕೈ ಬಿಗಿಯಾದ ವಸತಿ ಪ್ರಾಧಿಕಾರ 2005ರಲ್ಲಿ ತನ್ನ ಬಡಾವಣೆಗಳ ಅಂಗಡಿ ಮಳಿಗೆಗಳನ್ನೂ ವಾಹನ ನಿಲ್ದಾಣಗಳನ್ನೂ ಷೇರುಪೇಟೆಯ ಮೂಲಕ ಮಾರಿಬಿಟ್ಟಿತು. ಅಲ್ಲಿನ ಪುಟ್ಟ ಅಂಗಡಿಗಳ ಬಾಡಿಗೆ ಏರಿದ್ದರ ಸಿಟ್ಟು ಈಗಲೂ ಆರಿಲ್ಲ.

ಆ 39 ಬಡಾವಣೆಗಳಲ್ಲಿ ಎಲ್ಲರೂ ಕೊಳ್ಳಲಿಲ್ಲ. ಒಂದೇ ಮಹಡಿಯ ಸಾಲಿನಲ್ಲಿ ಮೂರು ಮನೆ ಒಡೆಯರದು, ನಾಲ್ಕನೆಯದು ಪ್ರಾಧಿಕಾರದ ಬಾಡಿಗೆದಾರನದು. ಲಿಫ್ಟ್ ಕೆಟ್ಟರೆ ಒಡೆಯರ ಸಂಘ ಸಭೆ ಸೇರಿ ಹಣ ಹಾಕಬೇಕು. ಆ ಸಭೆಯಲ್ಲಿ ಮಾರಾಟವಾಗದ ಮನೆಗಳೆಲ್ಲದರ ಪರವಾಗಿ ಪ್ರಾಧಿಕಾರದ ಮತ. ಬಾಡಿಗೆದಾರನಿಗೆ ಸಭೆಯಲ್ಲಿ ಮಾತಿಲ್ಲ, ಒಡೆಯನಿಗೆ ಪ್ರಾಧಿಕಾರದ ಮೇಲೆ ಹಿಡಿತವಿಲ್ಲ. ಕಟ್ಟಡ ಹಳೆಯದಾದಂತೆ ಈ ಬೆರಕೆ ಒಡೆತನವೇ ದೊಡ್ಡ ತಲೆನೋವಾಯಿತು. 2016ರ ನಂತರ ಹಾಂಗ್‌ಕಾಂಗ್ ಮತ್ತೆ ಹಳೆಯ ದಾರಿಗೆ ಮರಳಿ, ಬಾಡಿಗೆದಾರರಿಗೆಂದೇ ಪ್ರತ್ಯೇಕ ಹೊಸ ಕಟ್ಟಡಗಳನ್ನು ರಿಯಾಯಿತಿಗೆ ಮಾರುತ್ತಿದೆ. ಕೊಂಡವರು ಬಾಡಿಗೆ ಮನೆ ಬಿಟ್ಟುಕೊಡಬೇಕು.

ಇತರ ದೇಶಗಳು

ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿನಲ್ಲಿ, 1991ರ ಕಾಯಿದೆಯಿಂದ, ರಷ್ಯಾ ಸರ್ಕಾರಿ ಫ್ಲ್ಯಾಟುಗಳನ್ನು ವಾಸಿಗಳಿಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿತು. ಪೂರ್ವ ಯುರೋಪಿನ ಹಲವು ದೇಶಗಳೂ ಇದೇ ಹಾದಿ ಹಿಡಿದವು. ರೊಮೇನಿಯಾದಲ್ಲಿ ಶೇ 90ಕ್ಕೂ ಹೆಚ್ಚು ಜನ ಸ್ವಂತ ಮನೆಯವರು. ಅವರ ಕಟ್ಟಡಗಳ ಚಾವಣಿ, ಕೊಳವೆ, ಬಿಸಿನೀರಿನ ವ್ಯವಸ್ಥೆಗಳ ರಿಪೇರಿಗೆ ಹಣ ಯಾರದು ಎಂಬ ಪ್ರಶ್ನೆ ಮಾತ್ರ ಪುಕ್ಕಟೆಯಾಗಿ ಬಗೆಹರಿಯಲಿಲ್ಲ. ಬರ್ಲಿನ್ ನಗರ 2004ರಲ್ಲಿ ತನ್ನ ಸುಮಾರು 65,000 ಫ್ಲ್ಯಾಟುಗಳನ್ನು ಬಾಡಿಗೆದಾರರಿಗೆ ಬದಲಾಗಿ ಹೂಡಿಕೆದಾರ ಕಂಪನಿಗಳಿಗೆ ಮಾರಿತು. ದೊಡ್ಡ ಬಾಡಿಗೆ ಕಂಪನಿಗಳ ಮನೆಗಳನ್ನು ಮತ್ತೆ ಸಾರ್ವಜನಿಕ ಸ್ವತ್ತಾಗಿಸಬೇಕೆಂದು 2021ರ ಜನಮತಗಣನೆಯಲ್ಲಿ ಬಹುಮತ ಬಂತು. ಮಾರದೆ ಉಳಿದ ದೊಡ್ಡ ಉದಾಹರಣೆ ವಿಯೆನ್ನಾ. 1920ರ ದಶಕದಿಂದ ಕಟ್ಟುತ್ತ ಬಂದ, 1930ರ ಕಾರ್ಲ್ ಮಾರ್ಕ್ಸ್ ಹೋಫ್‌ನಂಥ ಕಟ್ಟಡಗಳನ್ನೊಳಗೊಂಡ ಸುಮಾರು 2.2 ಲಕ್ಷ ಮನೆಗಳು ಇಂದಿಗೂ ನಗರಸಭೆಯ ಸ್ವತ್ತು. ಅಲ್ಲಿನ ಮಧ್ಯಮ ವರ್ಗಕ್ಕೆ ಬಾಡಿಗೆ ಮನೆಯಲ್ಲಿರುವುದು ಕೊರತೆಯಾಗಿ ಕಾಣುವುದಿಲ್ಲ. ಒಡೆತನದ ಹಂಬಲ ಮನುಷ್ಯ ಸಹಜ ಎನ್ನುವವರು ವಿಯೆನ್ನಾವನ್ನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕರ್ನಾಟಕದಲ್ಲಿ

'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಕೇಳಿ ಬೆಳೆದ ಕನ್ನಡಿಗರಿಗೆ ವಾಸಿಸುವವನಿಗೇ ಮನೆ ಎಂಬ ಮಾತು ಹೊಸತಲ್ಲ. ದೇವರಾಜ ಅರಸು ಕಾಲದ 1974ರ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ. ಆದರೆ ಅಲ್ಲಿ ನೆಲ ಹೋದದ್ದು ಖಾಸಗಿ ಜಮೀನುದಾರನ ಕೈಯಿಂದ. ಕೌನ್ಸಿಲ್ ಮನೆಯ ಧಣಿ ಸರ್ಕಾರವೇ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. 2010ರ ದಶಕದಲ್ಲಿ ಅದೇ ಧಾಟಿಯ 'ವಾಸಿಸುವವನೇ ಮನೆಯೊಡೆಯ' ಎಂಬ ಹೆಸರಿನಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ದಾಖಲೆಯಿಲ್ಲದ ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳ ನಿವಾಸಿಗಳಿಗೆ ಹಕ್ಕುಪತ್ರ ಸಿಗತೊಡಗಿತು. ಅವರೂ ಸರ್ಕಾರದ ಬಾಡಿಗೆದಾರರಲ್ಲ.

ಕರ್ನಾಟಕದ ಸಾರ್ವಜನಿಕ ವಸತಿ ಬಾಡಿಗೆಯ ಹಂತವನ್ನು ಹೆಚ್ಚುಕಡಿಮೆ ದಾಟಿಯೇ ಬಂತು. 1898ರ ಪ್ಲೇಗ್ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಿಂದ ಹಿಡಿದು 1945ರ ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವರೆಗೆ (ಬಿಡಿಎ) ಸರ್ಕಾರ ಮಾಡಿದ್ದು ಮುಖ್ಯವಾಗಿ ನಿವೇಶನ ಹಂಚಿಕೆ. 1962ರ ಕಾಯಿದೆಯ ಗೃಹಮಂಡಳಿ ಕಟ್ಟಿದ ಮನೆಗಳೂ ಕಂತಿನ ಮೇಲೆ ಕೊಳ್ಳುವವರಿಗೇ. ಸರ್ಕಾರಿ ನೌಕರರ ಕ್ವಾರ್ಟರ್ಸ್ ಬಿಟ್ಟರೆ ಸರ್ಕಾರ ಬಾಡಿಗೆ ವಸೂಲಿ ಮಾಡುವ ಮನೆ ಕಡಿಮೆ. ದೇಶದ ಚಿತ್ರವೂ ಹಾಗೆಯೇ. 2011ರ ಜನಗಣತಿಯಂತೆ ಶೇ 86ಕ್ಕೂ ಹೆಚ್ಚು ಕುಟುಂಬಗಳು ಸ್ವಂತ ಮನೆಯಲ್ಲಿದ್ದವು, ನಗರಗಳಲ್ಲೂ ಶೇ 69. ಆ ಸ್ವಂತದ ಗೋಡೆ ಎಂಥದ್ದು, ಪತ್ರ ಇದೆಯೋ ಇಲ್ಲವೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ವಲಸೆ ಕಾರ್ಮಿಕರಿಗೆ ಬೇಕಾದದ್ದು ಒಡೆತನಕ್ಕಿಂತ ಮೊದಲು ಕೈಗೆಟುಕುವ ಬಾಡಿಗೆ ಮನೆ ಎಂಬುದು 2020ರ ಲಾಕ್‌ಡೌನ್ ಕಾಲದ ಸಾಮೂಹಿಕ ವಲಸೆಯಲ್ಲಿ ಕಣ್ಣಿಗೆ ಬಿತ್ತು. ಅದೇ ವರ್ಷ ಕೇಂದ್ರ ಸರ್ಕಾರ ಖಾಲಿ ಬಿದ್ದ ಸರ್ಕಾರಿ ಫ್ಲ್ಯಾಟುಗಳನ್ನು ಬಾಡಿಗೆ ಸಂಕೀರ್ಣಗಳಾಗಿ ಬದಲಿಸುವ ಯೋಜನೆ ತಂದಿತು. ಬ್ರಿಟನ್ ಬಾಡಿಗೆಯಿಂದ ಒಡೆತನಕ್ಕೆ ಹೋದರೆ ಭಾರತ ಒಡೆತನಕ್ಕೆಂದು ಕಟ್ಟಿದ್ದನ್ನು ಬಾಡಿಗೆಗೆ ತರಬೇಕಾಯಿತು.

ಮಾರಿದ ಮೇಲೂ ಹಿಡಿತ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಇಲ್ಲಿನ ಉದಾಹರಣೆ 'ಲೀಸ್ ಕಮ್ ಸೇಲ್' ಕರಾರು. ಬಿಡಿಎ ನಿವೇಶನ ಮಂಜೂರಾದವರು ಪೂರ್ತಿ ಹಣ ಕಟ್ಟಿದರೂ ಹತ್ತು ವರ್ಷ ಗುತ್ತಿಗೆದಾರರು ಮಾತ್ರ. ಗೊತ್ತಾದ ಅವಧಿಯಲ್ಲಿ ಮನೆ ಕಟ್ಟಬೇಕು, ಪರಭಾರೆ ಮಾಡಬಾರದು. ಅವಧಿ ಮುಗಿದು ಷರತ್ತು ಪಾಲಿಸಿದ್ದರೆ ಶುದ್ಧ ಕ್ರಯಪತ್ರ. ಸಿಂಗಪುರದ ಐದು ವರ್ಷದ ವಾಸದ ನಿಯಮ, ಬ್ರಿಟನ್ನಿನ ರಿಯಾಯಿತಿ ವಾಪಸಾತಿಗಳ ಉದ್ದೇಶವೇ ಇದರದೂ. ಬೆಂಗಳೂರಿನಲ್ಲಿ ಅದಕ್ಕೆ ಅಡ್ಡದಾರಿ ಬೇಗ ಸಿಕ್ಕಿತು. ಹತ್ತು ವರ್ಷ ಕಾಯದೆ, ಒಂದು ಕರಾರುಪತ್ರ ಮತ್ತು ಒಂದು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಬರೆದುಕೊಟ್ಟು ಪೂರ್ತಿ ಹಣ ಪಡೆದು ನಿವೇಶನವನ್ನು ಬೇರೆಯವರಿಗೆ ಒಪ್ಪಿಸುವುದು ಸರ್ವೇಸಾಮಾನ್ಯವಾಯಿತು. ಜಿಪಿಎ ಮೂಲಕ ನಡೆದ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದಕ್ಕೆ ಮೊದಲು ಹೀಗೆ ಕೊಂಡವರಲ್ಲಿ ಅನೇಕರು ಮೂಲ ಹಂಚಿಕೆದಾರರನ್ನೋ ಅವರ ವಾರಸುದಾರರನ್ನೋ ಹುಡುಕಿಕೊಂಡು ಹೋಗಿ ಸಹಿ ಹಾಕಿಸಿಕೊಳ್ಳಬೇಕಾಗಿ ಬಂತು.